ಒದೆಯುವ ಮೇಕೆ ಹಾಲಿಗೆ ನಿಲ್ಲುವಂತೆ ಪಳಗಿಸುವುದು: ಸಮಗ್ರ ಮಾರ್ಗದರ್ಶಿ

ಕೆಚ್ಚಲಿಗೆ ಕೈ ಹಾಕುತ್ತೀರಿ, ಮೇಕೆ ಒದೆಯುತ್ತದೆ, ನೀವು ಥಟ್ಟನೆ ಕೈ ಹಿಂದಕ್ಕೆಳೆದುಕೊಳ್ಳುತ್ತೀರಿ. ಅಷ್ಟರಲ್ಲಿ ಒಂದು ಪಾಠ ಮುಗಿದುಹೋಗಿರುತ್ತದೆ: ಒದ್ದರೆ ಕೈ ದೂರ ಹೋಗುತ್ತದೆ ಎಂದು ಮೇಕೆ ಕಲಿತಿರುತ್ತದೆ. ಹಾಲು ಕರೆಯುವ ಹೊತ್ತಿನಲ್ಲಿ ಮೇಕೆಗೆ ನಾವು ಏನೇ ಕಲಿಸಿದರೂ ಅದು ನಡೆಯುವುದು ಕೈ ಮುಟ್ಟುವ ಗಳಿಗೆಯಲ್ಲಲ್ಲ, ಕೈ ತೆಗೆಯುವ ಗಳಿಗೆಯಲ್ಲಿ. ಈ ಒಂದು ಮಾತು ಮನಸ್ಸಿಗೆ ಹತ್ತಿದರೆ ಮುಂದಿನ ಎಲ್ಲ ಹೆಜ್ಜೆಗಳೂ ಸಲೀಸಾಗಿ ಅರ್ಥವಾಗುತ್ತವೆ.

ಮೇಕೆ ಮೊಂಡು ಪ್ರಾಣಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದು ಬಲು ಬೇಗ ಕಲಿಯುವ ಪ್ರಾಣಿ, ಕಲಿತದ್ದನ್ನು ಸುಲಭಕ್ಕೆ ಬಿಡುವುದಿಲ್ಲ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಗ್ಗ ಎಳೆದು ಸನ್ನೆಕೋಲು ಎತ್ತಿದರೆ ಮಾತ್ರ ಹಣ್ಣಿನ ಚೂರು ಸಿಗುವ ಪೆಟ್ಟಿಗೆಯನ್ನು 12 ಮೇಕೆಗಳ ಮುಂದಿಟ್ಟಿದ್ದರು. ಅವುಗಳಲ್ಲಿ 9 ಮೇಕೆಗಳು ಉಪಾಯ ಕಲಿತವು. 10 ತಿಂಗಳ ಬಳಿಕ ಅದೇ ಪೆಟ್ಟಿಗೆಯನ್ನು ಮತ್ತೆ ಇಟ್ಟಾಗ ಬಹುತೇಕ ಮೇಕೆಗಳಿಗೆ ಅದು ನೆನಪಿತ್ತು. ಒದ್ದು ಗೆದ್ದ ನೆನಪೂ ಹಾಗೆಯೇ ಉಳಿಯುತ್ತದೆ, ನಿಂತು ಗೆದ್ದ ನೆನಪೂ ಹಾಗೆಯೇ ಉಳಿಯುತ್ತದೆ.

ಮೊದಲು ನೋವನ್ನು ಹುಡುಕಿ

ನಿನ್ನೆಯವರೆಗೆ ತೆಪ್ಪಗೆ ನಿಲ್ಲುತ್ತಿದ್ದ ಮೇಕೆ ಇವತ್ತು ದಿಢೀರನೆ ಒದ್ದರೆ ಅದನ್ನು ತಿದ್ದಲು ಹೊರಡಬೇಡಿ. ಅದು ಏನನ್ನೋ ಹೇಳುತ್ತಿದೆ. ನೋವಿರುವ ಕೆಚ್ಚಲನ್ನು ಹಿಡಿದು ಪಳಗಿಸಲು ಹೋದರೆ, ಕೈ ಎಂದರೆ ನೋವು ಎಂಬ ಪಾಠವನ್ನು ನಾವೇ ಗಟ್ಟಿ ಮಾಡಿದಂತಾಗುತ್ತದೆ.

ಕೆಚ್ಚಲಿನ ಎರಡು ಭಾಗಗಳನ್ನೂ ಎರಡು ಕೈಯಲ್ಲಿ ಒಟ್ಟಿಗೆ ಮುಟ್ಟಿ ಹೋಲಿಸಿ. ಒಂದು ಬದಿ ಇನ್ನೊಂದಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಕೆಂಪೇರಿದೆಯೇ? ಎರಡೂ ತೊಟ್ಟಿನ ಮೊದಲ ಎರಡು ಮೂರು ಧಾರೆಯನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಕರೆದು ನೋಡಿ. ಗಡ್ಡೆ, ಎಳೆ, ನೀರಿನಂಥ ತೆಳು ಹಾಲು ಅಥವಾ ರಕ್ತದ ಬಣ್ಣ ಕಂಡರೆ ಕೆಚ್ಚಲು ಬಾವಿನ ಶಂಕೆ ಬಲವಾಗುತ್ತದೆ. ಮೇಕೆಯ ಮೈ ಬಿಸಿ ಸಾಮಾನ್ಯವಾಗಿ 38.5ರಿಂದ 39.7 ಡಿಗ್ರಿ ಸೆಲ್ಸಿಯಸ್ ನಡುವೆ ಇರುತ್ತದೆ. ಅದಕ್ಕಿಂತ ಹೆಚ್ಚಿದ್ದು ಮೇವೂ ಬೇಡವಾಗಿದ್ದರೆ ಅಂದೇ ಪಶುವೈದ್ಯರಿಗೆ ತೋರಿಸಬೇಕು. ಕೆಚ್ಚಲು ಬಾವು ಪತ್ತೆ ಮಾಡಲು ಹಾಲಿಗೆ ಬೆರೆಸಿ ನೋಡುವ ಸಿಎಂಟಿ ದ್ರಾವಣ ಮೇಕೆಯಲ್ಲಿ ಸ್ವಲ್ಪ ದಾರಿ ತಪ್ಪಿಸಬಹುದು, ಏಕೆಂದರೆ ಆರೋಗ್ಯವಂತ ಮೇಕೆಯ ಹಾಲಿನಲ್ಲೂ ಜೀವಕೋಶಗಳ ಸಂಖ್ಯೆ ಹಸುವಿನ ಹಾಲಿಗಿಂತ ಹೆಚ್ಚಿರುತ್ತದೆ. ದ್ರಾವಣ ಬೆರೆಸಿದಾಗ ಒಂದು ಬದಿಯ ಹಾಲು ಮಾತ್ರ ಗಟ್ಟಿಯಾದರೆ ಅದು ಮುಖ್ಯ ಸುಳಿವು. ಎರಡೂ ಬದಿಯ ಹಾಲು ಒಂದೇ ರೀತಿ ಸ್ವಲ್ಪ ಲೋಳೆಯಾದರೆ ಗಾಬರಿ ಬೇಡ.

ಮರಿ ಹಾಕಿದ ಮೊದಲ ಕೆಲವು ದಿನ ಕೆಚ್ಚಲು ಊದಿ ಬಿಗಿಯಾಗಿರುವುದು ಸಹಜ, ಅದರಲ್ಲೂ ಚೊಚ್ಚಲ ಮೇಕೆಗಳಲ್ಲಿ. ಆಗ ಮುಟ್ಟಿದರೂ ಉರಿಯುತ್ತದೆ. ಬೆಚ್ಚನೆಯ ಒದ್ದೆ ಬಟ್ಟೆ ಒತ್ತಿ, ದಿನಕ್ಕೆ ಎರಡರ ಬದಲು ಮೂರು ನಾಲ್ಕು ಬಾರಿ ಸ್ವಲ್ಪ ಸ್ವಲ್ಪ ಕರೆದು ಬಿಗಿ ಇಳಿಸಿ. ಗಿಣ್ಣು ಹಾಲಿನಲ್ಲಿ ಮರಿಯ ಪಾಲು ಮೊದಲು, ಅದು ಹೊಟ್ಟೆ ತುಂಬ ಕುಡಿದ ಮೇಲೆ ಉಳಿದದ್ದನ್ನು ಮಾತ್ರ ತೆಗೆಯಿರಿ.

ತೊಟ್ಟಿನ ಚರ್ಮವನ್ನು ಬೆಳಕಿನಲ್ಲಿ ಸರಿಯಾಗಿ ನೋಡಿ. ಒಣಗಿ ಸೀಳಿದ ಗೆರೆಗಳು, ಮರಿಯ ಹಲ್ಲು ತಾಗಿದ ಗಾಯ, ನರುಳ್ಳಿ, ಕೆಚ್ಚಲಿನ ಹಿಂಬದಿಯಲ್ಲಿ ಕಚ್ಚಿ ಕುಳಿತ ಉಣ್ಣೆ, ಇವೆಲ್ಲ ಒದೆಗೆ ಕಾರಣ. ತೊಟ್ಟಿನ ಮೇಲೂ ಮರಿಯ ತುಟಿಯ ಮೇಲೂ ಹಕ್ಕಳೆಗಟ್ಟಿದ ಹುಣ್ಣುಗಳಿದ್ದರೆ ಅದು ಓರ್ಫ್ ಎಂಬ ವೈರಾಣು ರೋಗವಿರಬಹುದು. ಮನುಷ್ಯರಿಗೂ ಹರಡುವ ರೋಗವಾದ್ದರಿಂದ ಕೈಗವಸು ಹಾಕದೆ ಮುಟ್ಟಬೇಡಿ.

ಎಷ್ಟೋ ಜನರ ಗಮನಕ್ಕೇ ಬರದ ಒಂದು ಕಾರಣವಿದೆ: ಕೆಚ್ಚಲಿನ ಕೂದಲು. ತೊಟ್ಟು ಹಿಡಿಯುವಾಗ ಬೆರಳಿಗೆ ನಾಲ್ಕು ಕೂದಲು ಸಿಕ್ಕಿಕೊಂಡರೆ ಪ್ರತಿ ಹಿಂಡಿಗೂ ಕೂದಲು ಕಿತ್ತಂತೆ ನೋವಾಗುತ್ತದೆ. ಕೆಚ್ಚಲು ಮತ್ತು ತೊಡೆಯ ಒಳಬದಿಯ ಕೂದಲನ್ನು ಮಟ್ಟಸವಾಗಿ ಕತ್ತರಿಸಿದ ಮಾತ್ರಕ್ಕೇ ಸುಮ್ಮನಾಗುವ ಮೇಕೆಗಳಿವೆ. ನಿಮ್ಮ ಉಗುರು, ಉಂಗುರ, ತಣ್ಣನೆಯ ಕೈ, ಇವನ್ನೂ ಇದೇ ಪಟ್ಟಿಗೆ ಸೇರಿಸಿ. ಗೊರಸು ಉದ್ದ ಬೆಳೆದ ಮೇಕೆಗೆ ಒಂದೇ ಕಡೆ ನಿಲ್ಲುವುದೇ ಕಷ್ಟ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸುತ್ತಿದ್ದರೆ ಆ ತೊಂದರೆ ಇರದು.

ಇನ್ನೊಂದು: ಬೆದೆ. ಹಂಗಾಮಿನಲ್ಲಿ ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುವ ಮೇಕೆ ಒಂದೆರಡು ದಿನ ಕೂಗಾಡುತ್ತದೆ, ಬಾಲ ಅಲ್ಲಾಡಿಸುತ್ತದೆ, ನಿಂತಲ್ಲಿ ನಿಲ್ಲುವುದಿಲ್ಲ. ದಿನಾಂಕ ಬರೆದಿಟ್ಟುಕೊಳ್ಳುವವರಿಗೆ ಇದು ಬೇಗ ಗೊತ್ತಾಗುತ್ತದೆ. ಆ ಎರಡು ದಿನ ಹೊಸದೇನನ್ನೂ ಕಲಿಸಲು ಹೋಗದೆ ಕರೆದು ಬಿಟ್ಟರೆ ಸಾಕು.

ಹೆದರಿದ ಮೇಕೆ ಹಾಲನ್ನು ಏಕೆ ಏರಿಸಿಕೊಳ್ಳುತ್ತದೆ

ಕೆಚ್ಚಲಿನಲ್ಲಿ ಹಾಲು ಇರುವುದು ಎರಡು ಕಡೆ. ತೊಟ್ಟಿನ ಮೇಲಿನ ದೊಡ್ಡ ಕೋಶದಲ್ಲಿ ಬಹುಪಾಲು ತಾನಾಗಿಯೇ ಸೇರಿಕೊಂಡಿರುತ್ತದೆ. ಉಳಿದದ್ದು ಇನ್ನೂ ಮೇಲೆ, ಹಾಲು ತಯಾರಾಗುವ ಸಣ್ಣ ಸಣ್ಣ ಗೂಡುಗಳಲ್ಲಿರುತ್ತದೆ. ಕೋಶದ ಹಾಲು ತೊಟ್ಟು ಹಿಂಡಿದರೆ ಬರುತ್ತದೆ. ಗೂಡಿನ ಹಾಲು ಕೆಳಗಿಳಿಯಬೇಕಾದರೆ ಆಕ್ಸಿಟೋಸಿನ್ ಎಂಬ ಹಾರ್ಮೋನು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ರಕ್ತಕ್ಕೆ ಬಂದು, ಆ ಗೂಡುಗಳನ್ನು ಹಿಂಡಬೇಕು. ಇದಕ್ಕೇ ತೊರೆ ಬಿಡುವುದು ಎನ್ನುವುದು. ಮರಿ ಮೂತಿಯಿಂದ ಗುದ್ದುವುದು, ಬೆಚ್ಚನೆಯ ಕೈ ಕೆಚ್ಚಲನ್ನು ನೀವುವುದು, ದಾಣಿಯ ಪಾತ್ರೆಯ ಸದ್ದು, ದಿನವೂ ಒಂದೇ ಹೊತ್ತು, ಇವೆಲ್ಲ ಅದನ್ನು ಕರೆತರುತ್ತವೆ. ಭಯ ಮತ್ತು ನೋವಿನಲ್ಲಿ ಉಕ್ಕುವ ಅಡ್ರಿನಾಲಿನ್ ಅದನ್ನು ತಡೆಯುತ್ತದೆ.

ಹಾಗಾಗಿ ಗದರಿ, ಹಿಡಿದು ಕಟ್ಟಿ ಕರೆದರೂ ಮೇಕೆ ಒಂದಷ್ಟು ಹಾಲು ಕೊಡುತ್ತದೆ, ನಾವು ಗೆದ್ದೆವು ಎಂದುಕೊಳ್ಳುತ್ತೇವೆ. ಆದರೆ ಗೂಡಿನಲ್ಲಿ ಉಳಿದ ಹಾಲೇ ಕೊಬ್ಬಿನಂಶ ಹೆಚ್ಚಿರುವ ಹಾಲು. ಅದು ದಿನದಿನವೂ ಉಳಿದರೆ, ಇಷ್ಟು ಹಾಲು ಬೇಕಿಲ್ಲ ಎಂದು ಕೆಚ್ಚಲು ಉತ್ಪಾದನೆಯನ್ನೇ ಇಳಿಸುತ್ತದೆ. ಒಮ್ಮೆ ತೊರೆ ಬಿಟ್ಟರೂ ಆಕ್ಸಿಟೋಸಿನ್ ಕೆಲಸ ಮಾಡುವುದು ಕೆಲವೇ ನಿಮಿಷ. ಕೆಚ್ಚಲು ಒರೆಸಿದ ಮೇಲೆ ಒಂದು ನಿಮಿಷದೊಳಗೆ ಕರೆಯಲು ಕುಳಿತು ಐದಾರು ನಿಮಿಷದಲ್ಲಿ ಮುಗಿಸಬೇಕು ಎನ್ನುವುದು ಇದಕ್ಕಾಗಿ. ಸೌಮ್ಯವಾಗಿರಿ ಎಂದು ಹೇಳುವುದು ಬರೀ ದಯೆಯ ಮಾತಲ್ಲ, ಪಾತ್ರೆ ತುಂಬುವುದೇ ಆ ದಾರಿಯಲ್ಲಿ.

ನಿಲ್ಲುವ ಜಾಗ

ನೆಲದ ಮೇಲೆ ಗೂಟಕ್ಕೆ ಕಟ್ಟಿ ಒರಟು ಮೇಕೆಯನ್ನು ಪಳಗಿಸುವುದು ದುಪ್ಪಟ್ಟು ಕೆಲಸ. ಹಾಲು ಕರೆಯುವ ಸ್ಟ್ಯಾಂಡ್ ಒಂದನ್ನು ಮಾಡಿಕೊಳ್ಳಿ: ನೆಲದಿಂದ 40–45 ಸೆಂಟಿಮೀಟರ್ ಎತ್ತರ, ಸುಮಾರು 100–110 ಸೆಂಟಿಮೀಟರ್ ಉದ್ದ, 50–55 ಸೆಂಟಿಮೀಟರ್ ಅಗಲ. ಗಿಡ್ಡ ತಳಿಗಳಿಗೆ ಇದಕ್ಕಿಂತ ಸಣ್ಣದು ಸಾಕು. ಮುಂದೆ ಕುತ್ತಿಗೆ ಹಿಡಿಯುವ ಎರಡು ಕಂಬಿ, ಅದರಾಚೆ ದಾಣಿಯ ಪಾತ್ರೆ. ಕಂಬಿಗಳ ನಡುವಿನ ಸಂದು ತಲೆ ಹಿಂದಕ್ಕೆ ಜಾರದಷ್ಟು ಕಿರಿದಾಗಿ, ಗಂಟಲು ಒತ್ತದಷ್ಟು ಸಡಿಲವಾಗಿರಲಿ. ಅಗುಳಿ ಒಂದೇ ಕೈಯಲ್ಲಿ ತೆರೆಯುವಂತಿರಬೇಕು, ಮೇಕೆ ಕುಸಿದರೆ ಆ ಕ್ಷಣವೇ ಬಿಡಿಸಬೇಕಾಗುತ್ತದೆ. ಕಂಬಿಯಲ್ಲಿ ಸಿಕ್ಕಿಸಿದ ಮೇಕೆಯನ್ನು ಒಂಟಿಯಾಗಿ ಬಿಟ್ಟು ಅರೆಗಳಿಗೆಯೂ ಅತ್ತ ಹೋಗಬೇಡಿ.

ಅಳತೆಗಿಂತ ಮುಖ್ಯ ಎರಡಿವೆ. ಹಲಗೆ ಅಲುಗಬಾರದು, ಮೇಲೆ ಜಾರಬಾರದು. ಕಾಲಡಿ ನಡುಗುವ ಹಲಗೆಯ ಮೇಲೆ ಯಾವ ಮೇಕೆಯೂ ನೆಮ್ಮದಿಯಾಗಿ ನಿಲ್ಲದು. ರಬ್ಬರ್ ಚಾಪೆ ಹೊಡೆಯಿರಿ, ಇಲ್ಲವೇ ಅಡ್ಡಪಟ್ಟಿ ಕೂರಿಸಿ. ಸ್ಟ್ಯಾಂಡಿನ ಒಂದು ಉದ್ದಬದಿ ಗೋಡೆಗೆ ತಾಗಿರಲಿ, ಆಗ ಮೇಕೆ ಪಕ್ಕಕ್ಕೆ ಸರಿಯಲು ಉಳಿಯುವುದು ನಿಮ್ಮ ಬದಿ ಮಾತ್ರ.

ಮೇಕೆಯ ಕಣ್ಣಿನ ಪಾಪೆ ಅಡ್ಡಕ್ಕಿದೆ. ಸುತ್ತಲೂ ಬಹುದೂರ ಕಾಣುತ್ತದೆ, ನೇರ ಹಿಂದಿನದು ಮಾತ್ರ ಕಾಣದು. ಕೆಚ್ಚಲು ಇರುವುದು ಆ ಕಾಣದ ಜಾಗದ ಅಂಚಿನಲ್ಲೇ. ಆದ್ದರಿಂದ ಹಿಂದಿನಿಂದ ಸದ್ದಿಲ್ಲದೆ ಕೈ ಹಾಕಬೇಡಿ. ಮಾತಾಡಿಸುತ್ತಾ ಬಂದು, ಭುಜವನ್ನು ಮೊದಲು ಮುಟ್ಟಿ, ಅಲ್ಲಿಂದ ಕೈಯನ್ನು ಎತ್ತದೆ ಹಿಂದಕ್ಕೆ ಜಾರಿಸಿ. ಮಂದೆಯ ಒಂದು ಜೊತೆಗಾತಿ ಕಣ್ಣಿಗೆ ಬೀಳುವಂತಿದ್ದರೆ ಒಳ್ಳೆಯದು, ಒಂಟಿಯಾದ ಮೇಕೆಯ ಅರ್ಧ ಗಾಬರಿ ಒಂಟಿತನದ್ದೇ. ಆದರೆ ಆ ಜೊತೆಗಾತಿ ಪಾತ್ರೆಗೆ ಬಾಯಿ ಹಾಕುವಷ್ಟು ಹತ್ತಿರ ಬೇಡ. ಮಂದೆಯಲ್ಲಿ ಮೇಲುಗೈಯಿರುವ ಮೇಕೆ ಪಕ್ಕದಲ್ಲಿ ನಿಂತರೆ ಸೌಮ್ಯ ಮೇಕೆ ತಿನ್ನುವುದನ್ನೇ ಬಿಟ್ಟುಬಿಡುತ್ತದೆ.

ದಾಣಿ ಎಷ್ಟು, ಹೇಗೆ

ಪಾತ್ರೆ ಖಾಲಿಯಾದ ಕೂಡಲೇ ಒದೆ ಶುರುವಾಗುತ್ತದೆ ಎಂಬುದು ಎಲ್ಲರ ಅನುಭವ. ಅದಕ್ಕೆ ಪರಿಹಾರವೆಂದು ದಾಣಿ ಸುರಿಯುತ್ತಾ ಹೋಗುವುದು ಅಪಾಯ. ಒಮ್ಮೆಲೇ ಕಾಳು ಹೆಚ್ಚಾದರೆ ಮೆಲುಕು ಹೊಟ್ಟೆಯಲ್ಲಿ ಹುಳಿಯೇರಿ ಮೇಕೆ ಜೀವಕ್ಕೇ ಕುತ್ತು ಬರಬಹುದು. ದಿನಕ್ಕೆ ಕೊಡುವ ದಾಣಿಯ ಪಾಲನ್ನೇ ಎರಡು ಹೊತ್ತಿಗೆ ಹಂಚಿ ಸ್ಟ್ಯಾಂಡಿನ ಮೇಲೆ ಮಾತ್ರ ಕೊಡಿ, ಬೇರೆಲ್ಲೂ ಕೊಡಬೇಡಿ. ಅದರ ಜೊತೆ ಸಣ್ಣಗೆ ಕತ್ತರಿಸಿದ ಒಣಮೇವು ಬೆರೆಸಿದರೆ ತಿನ್ನಲು ಹೆಚ್ಚು ಹೊತ್ತು ಹಿಡಿಯುತ್ತದೆ. ಪಾತ್ರೆಯಲ್ಲಿ ನುಂಗಲಾಗದಷ್ಟು ದೊಡ್ಡ, ನುಣುಪಾದ ಎರಡು ಮೂರು ಕಲ್ಲು ಇಟ್ಟರೆ ಅವುಗಳ ನಡುವೆ ಹುಡುಕಿ ಹುಡುಕಿ ತಿನ್ನಬೇಕಾಗುತ್ತದೆ.

ಎರಡು ಮೂರು ವಾರ ಕಳೆದ ಮೇಲೆ, ದಾಣಿ ಮುಗಿದ ನಂತರವೂ ಅರ್ಧ ನಿಮಿಷ ನಿಲ್ಲುವುದನ್ನು ರೂಢಿ ಮಾಡಿಸಿ: ಪಾತ್ರೆ ಖಾಲಿಯಾಗಲಿ, ಮೇಕೆ ಸುಮ್ಮನೆ ನಿಂತಿರಲಿ, ಆಗ ಕೈಯಿಂದ ಒಂದು ಹಿಡಿ ಕೊಡಿ. ಹೊತ್ತನ್ನು ಸ್ವಲ್ಪ ಸ್ವಲ್ಪವೇ ಹಿಗ್ಗಿಸಿ. ಹೀಗೆ ಮಾಡದಿದ್ದರೆ ಮೇಕೆ ನಿಲ್ಲುವುದು ಪಾತ್ರೆಗಾಗಿ ಮಾತ್ರ, ನಿಮ್ಮ ಕೈಯನ್ನು ಅದು ಇನ್ನೂ ಒಪ್ಪಿರುವುದಿಲ್ಲ.

ಕೈಯ ಪಾಠ

ಪಳಗಿಸುವ ಕೆಲಸದ ತಿರುಳು ಇಲ್ಲಿದೆ. ಇದಕ್ಕೆ ದಿನಕ್ಕೆ ಎರಡು ಬಾರಿ, ಐದರಿಂದ ಹತ್ತು ನಿಮಿಷ ಮೀಸಲಿಡಿ. ಹಾಲಿರುವ ಮೇಕೆಯಾದರೆ ಕರೆಯುವ ಹೊತ್ತಿನ ಮೊದಲ ಭಾಗವನ್ನೇ ಬಳಸಬಹುದು, ಆದರೆ ಬೇರೆ ಹೊತ್ತಿನಲ್ಲಿ ಒಂದು ಸುತ್ತು ಸೇರಿಸಿದರೆ ಬೇಗ ಮುಂದೆ ಸಾಗುತ್ತದೆ. ಬೇರೆ ಹೊತ್ತಿನಲ್ಲಿ ನಿಮಗೂ ಹಾಲು ಚೆಲ್ಲುವ ಆತಂಕ ಇರುವುದಿಲ್ಲವಲ್ಲ.

ಮೊದಲು ಒಂದು ಪದ ಆರಿಸಿ. "ಭಲೆ", "ಹಾಂ", ಏನಾದರೂ ಸರಿ. ನಾಲಗೆಯಿಂದ ಹೊಡೆಯುವ ಲೊಚ್ ಸದ್ದಾದರೂ ಸರಿ. ಮೇಕೆ ಸುಮ್ಮನೆ ನಿಂತ ಕ್ಷಣಕ್ಕೆ ಸರಿಯಾಗಿ ಆ ಪದ ಹೇಳಿ ಒಂದು ತುಣುಕು ತಿನಿಸು ಕೊಡಿ. ಎರಡು ಮೂರು ದಿನದಲ್ಲಿ ಆ ಸದ್ದು ಕೇಳಿದರೆ ಮೇಕೆ ಕಿವಿ ನಿಮಿರಿಸುತ್ತದೆ. ಆಗ ಆ ಪದ ಅದಕ್ಕೆ ಅರ್ಥವಾಗಿದೆ. ಬೇರೆ ಯಾವ ಸಂದರ್ಭಕ್ಕೂ ಆ ಪದ ಬಳಸಬೇಡಿ.

ಆಮೇಲೆ ಮುಟ್ಟುವುದು. ಭುಜದಿಂದ ಬೆನ್ನು, ಬೆನ್ನಿನಿಂದ ಪಕ್ಕೆ, ಪಕ್ಕೆಯಿಂದ ತೊಡೆಯ ಹೊರಬದಿ, ಅಲ್ಲಿಂದ ತೊಡೆಯ ಒಳಬದಿ, ಕಡೆಗೆ ಕೆಚ್ಚಲು. ಯಾವ ಜಾಗದಲ್ಲಿ ಚರ್ಮ ಅದುರುತ್ತದೋ, ಕಾಲು ಎತ್ತುತ್ತದೋ, ಅಲ್ಲಿಗೆ ಆ ದಿನದ ಗಡಿ. ಆ ಗಡಿಯಲ್ಲೇ ಕೈ ನಿಲ್ಲಿಸಿ. ಒತ್ತಬೇಡಿ, ನೀವಬೇಡಿ, ಕಚಗುಳಿಯಾಗುವಂತೆ ಬೆರಳಾಡಿಸಬೇಡಿ. ಅಂಗೈ ಪೂರ್ತಿ ತಾಗುವಂತೆ ಸುಮ್ಮನೆ ಇಡಿ. ಮೇಕೆ ಕುಣಿಯುತ್ತದೆ, ಕುಣಿಯಲಿ. ಒದೆಯುತ್ತದೆ, ಒದೆಯಲಿ. ಕೈ ಅಲ್ಲೇ ಇರಲಿ, ಕಾಲಿನ ಜೊತೆಗೇ ಹೋಗಿ ಕಾಲಿನ ಜೊತೆಗೇ ಬರಲಿ. ನಾಲ್ಕು ಕಾಲೂ ಹಲಗೆಯ ಮೇಲೆ ಊರಿ ಒಂದು ಉಸಿರಿನಷ್ಟು ಹೊತ್ತು ನಿಂತಿತೆಂದರೆ, ಆಗ ಪದ ಹೇಳಿ ಕೈ ತೆಗೆಯಿರಿ.

ಕೈ ತೆಗೆಯುವುದೇ ಇಲ್ಲಿ ಬಹುಮಾನ. ದಾಣಿ ಅದರ ಮೇಲಿನ ಬೋನಸ್ಸು. ಮೊದಲು ಒಂದು ಉಸಿರು, ಆಮೇಲೆ ಎರಡು, ಆಮೇಲೆ ಹತ್ತು ಎಣಿಸುವಷ್ಟು. ಹತ್ತಕ್ಕೆ ನಿಲ್ಲುವ ಮೇಕೆ ಮೂವತ್ತಕ್ಕೂ ನಿಲ್ಲುತ್ತದೆ, ಒಂದರಿಂದ ಹತ್ತರವರೆಗಿನ ದಾರಿಯೇ ಉದ್ದ.

ಒದೆ ತೀರ ಜೋರಾಗಿದ್ದು ಕೈಗೆ ಪೆಟ್ಟಾಗುವಂತಿದ್ದರೆ, ಒಂದು ಗಳದ ತುದಿಗೆ ಬಟ್ಟೆ ತುಂಬಿದ ಕೈಗವಸು ಕಟ್ಟಿ ಅದರಿಂದಲೇ ಮೊದಲ ಕೆಲವು ಪಾಠ ಮಾಡಿ. ಅದು ಒದೆಗೆ ಬೆದರಿ ಹಿಂದೆ ಸರಿಯುವುದಿಲ್ಲ, ನಿಮಗೂ ಭಯವಿರುವುದಿಲ್ಲ. ಗಳದ ಕೈಗವಸು ಕೆಚ್ಚಲಿಗೆ ತಾಗಿದರೂ ಮೇಕೆ ನಿಲ್ಲತೊಡಗಿದ ಮೇಲೆ ನಿಮ್ಮ ಕೈಗೆ ಬನ್ನಿ.

ಕೈಯಿಂದ ಮಾಡುವಾಗ ಕುಳಿತುಕೊಳ್ಳುವ ಬಗೆಯೂ ಮುಖ್ಯ. ಮೇಕೆಯ ಬಲಬದಿಯಲ್ಲಿ ಅದರ ಪಕ್ಕೆಗೆ ಮುಖ ಮಾಡಿ ಕುಳಿತರೆ ನಿಮ್ಮ ಎಡಗೈ ಹಿಂಗಾಲಿಗೆ ಹತ್ತಿರ. ಎಡಮುಂಗೈಯನ್ನು ಹಿಂಗಾಲಿನ ಮುಂಭಾಗಕ್ಕೆ, ಮೊಣಕಾಲ ಗಂಟಿನ ಸ್ವಲ್ಪ ಮೇಲೆ ತಾಗಿಸಿ ಇಟ್ಟುಕೊಳ್ಳಿ. ಮೇಕೆಯ ಒದೆ ಬಹುತೇಕ ಹೊಟ್ಟೆಯತ್ತ ಮುಂದಕ್ಕೆ ಬರುವಂಥದ್ದು, ಪಾತ್ರೆಯೊಳಗೆ ಕಾಲಿಡುವುದೂ ಹೀಗೆಯೇ. ಕಾಲು ಏಳುವ ಮುನ್ನ ಸ್ನಾಯು ಬಿಗಿಯಾಗುವುದು ಮುಂಗೈಗೆ ತಿಳಿಯುತ್ತದೆ, ಅಲ್ಲೇ ತಡೆಯಬಹುದು. ತಡೆಯುವುದು ಎಂದರೆ ತಳ್ಳುವುದಲ್ಲ, ಕಾಲು ಮುಂದೆ ಬರಲು ಜಾಗವಿಲ್ಲದಂತೆ ಇರುವುದು ಅಷ್ಟೇ. ನಿಮ್ಮ ತಲೆ ಅಥವಾ ಭುಜವನ್ನು ಮೇಕೆಯ ಪಕ್ಕೆಗೆ ಮೆಲ್ಲಗೆ ಆನಿಸಿಕೊಂಡರೆ ಅದರ ಮುಂದಿನ ನಡೆ ಇನ್ನೂ ಬೇಗ ಗೊತ್ತಾಗುತ್ತದೆ.

ಈಗ ಎಚ್ಚರಿಕೆಯ ಮಾತು. ಪಾಠ ಶುರುವಾದ ಎರಡನೆಯ ಮೂರನೆಯ ದಿನ ಒದೆ ಕಡಿಮೆಯಾಗುವ ಬದಲು ಜೋರಾಗಬಹುದು. ಇಷ್ಟು ದಿನ ಫಲ ಕೊಟ್ಟ ಉಪಾಯ ಕೈಕೊಟ್ಟಾಗ ಮೇಕೆ ಅದನ್ನೇ ಇನ್ನೂ ಬಿರುಸಾಗಿ ಮಾಡಿ ನೋಡುತ್ತದೆ. ಹೆಚ್ಚಿನವರು ಬಿಟ್ಟುಕೊಡುವುದು ಈ ದಿನವೇ, ಬಿಟ್ಟುಕೊಡಲೇಬಾರದ ದಿನವೂ ಇದೇ. ಈ ದಿನ ಕೈ ತೆಗೆದರೆ ಜೋರಾಗಿ ಒದ್ದರೆ ಗೆಲುವು ಎಂಬುದು ಅದಕ್ಕೆ ಖಾತ್ರಿಯಾಗುತ್ತದೆ. ಹತ್ತರಲ್ಲಿ ಒಂದು ಬಾರಿ ಸೋತರೂ ಮೇಕೆ ಆ ಒಂದಕ್ಕಾಗಿ ಒಂಬತ್ತು ಬಾರಿ ಒದೆಯುತ್ತದೆ. ಕೈ ಉಳಿಸಿಕೊಳ್ಳುವುದು ಅಸಾಧ್ಯ ಎನಿಸಿದರೆ ಅದಕ್ಕಿಂತ ಸುಲಭದ ಜಾಗಕ್ಕೆ, ತೊಡೆಗೋ ಪಕ್ಕೆಗೋ, ಕೈಯನ್ನು ಜಾರಿಸಿ, ಅಲ್ಲಿ ನಿಂತಾಗ ಬಿಡಿ. ಪೂರ್ತಿ ಕೈ ಎತ್ತುವುದು ಮಾತ್ರ ಬೇಡ.

ಹೊಡೆಯುವುದು, ಕಿರುಚುವುದು, ಕಿವಿ ಹಿಂಡುವುದು, ಇವುಗಳಿಂದ ಏನೂ ಆಗುವುದಿಲ್ಲ ಎನ್ನಲಾರೆ; ಆಗುತ್ತದೆ, ಅಡ್ರಿನಾಲಿನ್ ಏರುತ್ತದೆ, ಹಾಲು ಇಳಿಯುವುದಿಲ್ಲ, ಸ್ಟ್ಯಾಂಡ್ ಎಂದರೆ ಮೇಕೆ ದೂರ ಓಡುತ್ತದೆ. ಮೇಕೆಗಳು ಮನುಷ್ಯರ ಮುಖಭಾವವನ್ನೂ ಗಮನಿಸುತ್ತವೆ. 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸಿಟ್ಟಿನ ಮುಖದ ಚಿತ್ರಕ್ಕಿಂತ ನಗುಮುಖದ ಚಿತ್ರದತ್ತ ಅವು ಹೆಚ್ಚು ಒಲವು ತೋರಿದ್ದವು. ನಿಮಗೆ ಸಿಟ್ಟು ಬರತೊಡಗಿದೆ ಎನಿಸಿದ ಕೂಡಲೇ ಒಂದು ಸುಲಭದ ಹೆಜ್ಜೆ ಮಾಡಿಸಿ ಆ ದಿನದ ಪಾಠ ಮುಗಿಸಿ.

ಕರೆಯುವಾಗ

ದೊಡ್ಡ ಪಾತ್ರೆಯನ್ನು ಕೆಳಗಿಟ್ಟು ಎರಡೂ ಕೈಯಲ್ಲಿ ಕರೆಯುವ ಆಸೆ ಈಗಲೇ ಬೇಡ. ಒಂದು ಕೈಯಲ್ಲಿ ಹಿಡಿಯುಳ್ಳ ಸಣ್ಣ ಲೋಟ, ಇನ್ನೊಂದು ಕೈಯಲ್ಲಿ ತೊಟ್ಟು. ಲೋಟ ಅರ್ಧವಾದ ಕೂಡಲೇ ದೂರದಲ್ಲಿಟ್ಟ, ಮುಚ್ಚಳವಿರುವ ಪಾತ್ರೆಗೆ ಸುರಿಯುತ್ತಾ ಹೋಗಿ. ಚೆಲ್ಲಿದರೆ ಚೆಲ್ಲುವುದು ಅರ್ಧ ಲೋಟ ಮಾತ್ರ. ಹಾಲಿನ ಮೇಲಿನ ಆಸೆ ನಮ್ಮ ಕೈಯನ್ನು ತಪ್ಪು ಗಳಿಗೆಯಲ್ಲಿ ಹಿಂದೆಳೆಯುತ್ತದೆ: ಮೇಕೆ ಕಾಲೆತ್ತಿದಾಗ ಪಾತ್ರೆ ಉಳಿಸಲು ಕೈ ತೆಗೆಯುತ್ತೇವೆ, ಒದೆ ಗೆಲ್ಲುತ್ತದೆ. ಪಳಗಿಸುವ ಮೊದಲ ವಾರ ಕುಡಿಯಲು ಹಾಲು ಬೇಕೆಂಬ ಲೆಕ್ಕವನ್ನೇ ಬಿಡಿ. ಕೆಚ್ಚಲು ಖಾಲಿಯಾಗಬೇಕು, ಅಷ್ಟೇ. ಹಾಲು ಹಲಗೆಯ ಮೇಲೆ ಬಿದ್ದರೂ ಚಿಂತೆಯಿಲ್ಲ.

ಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ತೊಟ್ಟು ಒರೆಸಿ, ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ಪ್ರತಿ ಮೇಕೆಗೂ ಬೇರೆ ಬಟ್ಟೆ. ಹೆಬ್ಬೆರಳು ಮತ್ತು ತೋರುಬೆರಳಿನಿಂದ ತೊಟ್ಟಿನ ಬುಡವನ್ನು ಮೇಲೆ ಬಿಗಿಹಿಡಿದು, ಒಳಗಿನ ಹಾಲು ಮೇಲಕ್ಕೆ ಹೋಗದಂತೆ ಮಾಡಿ, ಆಮೇಲೆ ನಡುಬೆರಳು, ಉಂಗುರಬೆರಳು, ಕಿರುಬೆರಳು ಒಂದರ ಹಿಂದೆ ಒಂದು ಮುಚ್ಚುತ್ತಾ ಬನ್ನಿ. ಕೆಳಗೆ ಜಗ್ಗಬೇಡಿ. ತೊಟ್ಟನ್ನು ಜಗ್ಗಿ ಜಗ್ಗಿ ಕರೆಯುವುದು, ಬುಡಕ್ಕಿಂತ ಮೇಲೆ ಕೆಚ್ಚಲಿನ ಮಾಂಸವನ್ನೇ ಚಿವುಟಿ ಹಿಡಿಯುವುದು, ಇವೆರಡೂ ನೋವು ಕೊಡುತ್ತವೆ. ಒಳ್ಳೆಯ ಮೇಕೆಗಳನ್ನು ಒದೆಯಲು ಕಲಿಸುವುದೂ ಇವೇ. ಚೊಚ್ಚಲ ಮೇಕೆಯ ಪುಟ್ಟ ತೊಟ್ಟಿಗೆ ಹೆಬ್ಬೆರಳು ಮತ್ತು ಎರಡು ಬೆರಳು ಸಾಕು. ಧಾರೆ ತೆಳುವಾದಾಗ ಮುಷ್ಟಿಯಿಂದ ಕೆಚ್ಚಲನ್ನು ಕೆಳಗಿನಿಂದ ಮೆತ್ತಗೆ, ಮರಿ ಗುದ್ದುವಂತೆ, ಎರಡು ಮೂರು ಬಾರಿ ಎತ್ತಿ ಬಿಡಿ. ಮತ್ತೊಮ್ಮೆ ಹಾಲು ಇಳಿಯುತ್ತದೆ.

ಕೊನೆಯ ಧಾರೆ ಮುಗಿದ ಕೂಡಲೇ ಅಗುಳಿ ತೆರೆಯಬೇಡಿ. ತೊಟ್ಟನ್ನು ಅಯೋಡಿನ್ ದ್ರಾವಣಕ್ಕೆ ಅದ್ದಿ, ಕೆಚ್ಚಲ ಮೇಲೆ ಕೈಯಿಟ್ಟು ಹತ್ತು ಎಣಿಸಿ, ಮೇಕೆ ನಿಂತಿದ್ದಾಗಲೇ ಪದ ಹೇಳಿ ಬಿಡಿ. ಇಳಿದ ಮೇಲೆ ಹಸಿಮೇವು ಕಾಯುತ್ತಿರಲಿ. ತೊಟ್ಟಿನ ತುದಿ ಪೂರ್ತಿ ಮುಚ್ಚಿಕೊಳ್ಳಲು ಅರ್ಧ ಗಂಟೆಯಷ್ಟು ಬೇಕು. ಅಷ್ಟು ಹೊತ್ತು ಮೇಕೆ ಕೊಳಕು ನೆಲದಲ್ಲಿ ಮಲಗದೆ ನಿಂತು ಮೇಯುವುದು ಕೆಚ್ಚಲಿಗೆ ಒಳ್ಳೆಯದು.

ಒದೆಯದೆ ಬೇರೆ ಹಟ ಹಿಡಿಯುವ ಮೇಕೆಗಳು

ಕೂತುಬಿಡುವ ಮೇಕೆ ಒದೆಯುವ ಮೇಕೆಗಿಂತ ಹೆಚ್ಚು ತಾಳ್ಮೆ ಬೇಡುತ್ತದೆ. ಅದರ ಎದೆಯಡಿ, ಮುಂಗಾಲುಗಳ ಹಿಂದೆ, ತಲೆಕೆಳಗಾದ ಬಕೆಟ್ಟನ್ನೋ ಮರದ ದಿಮ್ಮಿಯನ್ನೋ ಇಟ್ಟರೆ ಪೂರ್ತಿ ಕೂರಲಾಗುವುದಿಲ್ಲ. ಕೂತ ಮೇಕೆಯನ್ನು ಬಾಲ ಹಿಡಿದು ಎತ್ತಬೇಡಿ; ದಾಣಿಯ ಪಾತ್ರೆಯನ್ನು ಮೇಲಕ್ಕೆತ್ತಿ, ಎದ್ದು ನಿಂತಾಗ ಮತ್ತೆ ಇಡಿ. ಕೂತಾಗ ಕರೆಯಲೂ ಬೇಡಿ.

ಸ್ಟ್ಯಾಂಡ್ ಹತ್ತಲೇ ಒಪ್ಪದ ಮೇಕೆಯನ್ನು ಎಳೆದು ಹತ್ತಿಸಿದರೆ ನಾಳೆಯೂ ಎಳೆಯಬೇಕು. ಕಂಬಿ ಹಾಕದೆ, ಕೆಚ್ಚಲು ಮುಟ್ಟದೆ, ಬರೀ ಹತ್ತಿ ತಿಂದು ಇಳಿಯುವುದನ್ನು ಕೆಲವು ದಿನ ಮಾಡಿಸಿ. ಮುಂಗಾಲು ಎರಡನ್ನು ಇಟ್ಟರೂ ಸಾಕು, ತಿನಿಸು ಕೊಡಿ.

ಬೆನ್ನು ಗೂನು ಮಾಡಿ, ಹಿಂಗಾಲು ಒಟ್ಟಿಗೆ ಸೇರಿಸಿ ನಿಲ್ಲುವ ಮೇಕೆಯಲ್ಲಿ ನೋವಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಒದೆಯದೆಯೂ ಹಾಲು ಇಳಿಸದ ಮೇಕೆ ಬಹುಮಟ್ಟಿಗೆ ಮರಿಗಾಗಿ ಉಳಿಸಿಕೊಂಡಿರುತ್ತದೆ.

ಮರಿಯ ವಿಷಯ

ಮರಿ ಜೊತೆಯಲ್ಲಿರುವಾಗ ಪಳಗಿಸುವುದಾದರೆ ಮರಿಯನ್ನೇ ಸಹಾಯಕ್ಕೆ ತೆಗೆದುಕೊಳ್ಳಿ. ಒಂದು ತೊಟ್ಟಿಗೆ ಮರಿ, ಇನ್ನೊಂದು ತೊಟ್ಟಿಗೆ ನಿಮ್ಮ ಕೈ. ಮರಿ ತೊರೆ ಬಿಡಿಸುತ್ತದೆ, ಮೇಕೆಯ ಮೈ ಸಡಿಲವಾಗುತ್ತದೆ, ನಿಮ್ಮ ಕೈ ಆ ನೆಮ್ಮದಿಯ ಜೊತೆಗೆ ಸೇರಿಕೊಳ್ಳುತ್ತದೆ. ಕೆಲವು ದಿನಗಳ ನಂತರ ಮರಿಯನ್ನು ಅರ್ಧ ನಿಮಿಷ ತಡವಾಗಿ ಬಿಡಿ, ಆಮೇಲೆ ಒಂದು ನಿಮಿಷ, ಹೀಗೆ ಹಿಂದೆ ಸರಿಸುತ್ತಾ ಬನ್ನಿ. ಮರಿಗೆ ಎರಡು ವಾರ ತುಂಬಿ ಗಟ್ಟಿಮುಟ್ಟಾಗಿದ್ದರೆ ರಾತ್ರಿ ಮಾತ್ರ ಬೇರೆ ಕಟ್ಟಿ, ಬೆಳಗ್ಗೆ ಕರೆದು, ಹಗಲೆಲ್ಲ ಮರಿಗೆ ಬಿಡುವ ಪದ್ಧತಿ ಇಬ್ಬರಿಗೂ ಒಗ್ಗುತ್ತದೆ. ಕೆಚ್ಚಲು ತುಂಬಿದ ಬೆಳಗ್ಗೆ ಕರೆಯುವುದು ಮೇಕೆಗೂ ಹಾಯೆನಿಸುತ್ತದೆ, ನಿಮ್ಮ ಕೈಯನ್ನು ಅದು ಬೇಗ ಒಪ್ಪುವುದೂ ಆಗಲೇ.

ಇನ್ನೂ ಮರಿ ಹಾಕದ ಗಬ್ಬದ ಮೇಕೆ ನಿಮ್ಮಲ್ಲಿದ್ದರೆ ಅದೃಷ್ಟ. ಮೇಕೆಯ ಗಬ್ಬ ಸುಮಾರು 150 ದಿನ. ಕೊನೆಯ ಆರೇಳು ವಾರದಲ್ಲಿ ಸ್ಟ್ಯಾಂಡ್ ಹತ್ತುವುದು, ಕಂಬಿ, ಗೊರಸು ಕತ್ತರಿಸುವುದು, ಕೆಚ್ಚಲಿಗೆ ಅಂಗೈ ತಾಗಿಸುವುದು, ಎಲ್ಲವನ್ನೂ ರೂಢಿ ಮಾಡಿಸಬಹುದು. ತೊಟ್ಟನ್ನು ಹಿಂಡುವುದು ಮಾತ್ರ ಬೇಡ. ರೋಗಾಣು ಒಳಹೋಗದಂತೆ ತೊಟ್ಟಿನ ತುದಿಯಲ್ಲಿ ಮೇಣದಂಥ ಬಿರಡೆ ಇರುತ್ತದೆ, ಅದು ಮರಿ ಹಾಕುವವರೆಗೆ ಹಾಗೆಯೇ ಇರಬೇಕು. ತುಂಬುಗಬ್ಬದಲ್ಲಿ ಹತ್ತಿಸಿ ಇಳಿಸುವಾಗ ಜಿಗಿಯದಂತೆ ಒಂದು ಅಡ್ಡಮೆಟ್ಟಿಲು ಇಡಿ.

ಕಾಲು ಕಟ್ಟಬೇಕೆ?

ಕಟ್ಟುವುದನ್ನು ನಾನು ಕೊನೆಗೆ ಇಟ್ಟಿರುವುದು ಬೇಕೆಂದೇ. ಕೆಚ್ಚಲು ಬಾವಿನ ಔಷಧ ಹಾಕಲೇಬೇಕಾದಾಗ, ಕೆಚ್ಚಲು ಬಿರಿಯುವಂತಿದ್ದು ಖಾಲಿ ಮಾಡಲೇಬೇಕಾದಾಗ ಅದು ಸರಿ. ಹಿಂಗಾಲುಗಳ ಮೊಣಗಂಟಿನ ಮೇಲೆ, ಎಂಟರ ಅಂಕಿಯ ಆಕಾರದಲ್ಲಿ, ಅಗಲವಾದ ಮೆತ್ತನೆಯ ಪಟ್ಟಿಯನ್ನು ಸುತ್ತಿ. ಪಟ್ಟಿಯಡಿ ಎರಡು ಬೆರಳು ಆಡುವಂತಿರಲಿ. ತೆಳು ಹಗ್ಗ ಬೇಡ, ಚರ್ಮ ಕೊಯ್ಯುತ್ತದೆ. ಕಾಲು ಕಟ್ಟಿದ ಮೇಕೆ ಆಯ ತಪ್ಪಿ ಬೀಳಬಹುದಾದ್ದರಿಂದ ಎಳೆದರೆ ತಕ್ಷಣ ಬಿಚ್ಚುವ ಕಟ್ಟೇ ಆಗಬೇಕು.

ಆದರೆ ಪಟ್ಟಿ ಪಾಠ ಹೇಳಿಕೊಡುವುದಿಲ್ಲ. ಕಟ್ಟಿದಾಗ ನಿಂತ ಮೇಕೆ ಕಟ್ಟು ಬಿಚ್ಚಿದ ದಿನ ಮತ್ತೆ ಒದೆಯುತ್ತದೆ, ಏಕೆಂದರೆ ಅದು ನಿಲ್ಲಲು ಕಲಿತಿಲ್ಲ, ಒದೆಯಲಾಗದೆ ನಿಂತಿತ್ತು. ಕಟ್ಟುವುದಾದರೂ ಪದ, ಕೈ, ಬಿಡುವ ಗಳಿಗೆ ಇವನ್ನು ಹಾಗೆಯೇ ಮುಂದುವರಿಸಿ, ಪ್ರತಿದಿನ ಪಟ್ಟಿಯನ್ನು ಸ್ವಲ್ಪ ಸಡಿಲ ಮಾಡುತ್ತಾ, ಆಮೇಲೆ ಬಿಗಿಯದೆ ಬರೀ ಸುತ್ತಿ, ಆಮೇಲೆ ಒಂದೇ ಕಾಲಿಗೆ ಹಾಕಿ, ಕಡೆಗೆ ತೆಗೆದುಬಿಡಿ.

ಎಷ್ಟು ದಿನ, ಯಾವಾಗ ಕೈಬಿಡಬೇಕು

ನೋವಿಲ್ಲದ, ಬರೀ ಗೊತ್ತಿಲ್ಲದ ಚೊಚ್ಚಲ ಮೇಕೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಹದಕ್ಕೆ ಬರುತ್ತದೆ. ಒದ್ದು ಗೆದ್ದ ಹಳೆಯ ಅಭ್ಯಾಸವಿರುವ ಮೇಕೆಗೆ ಒಂದು ತಿಂಗಳು ಕೊಡಿ. ಹಿಂದೆ ಏಟು ತಿಂದ ಮೇಕೆಯಾದರೆ ಇಡೀ ಒಂದು ಕರಾವೇ ಹೋಗಬಹುದು. ಅಂಥದ್ದು ಮರಿಗಳನ್ನು ಚೆನ್ನಾಗಿ ಸಾಕುವ ತಾಯಿಯಾಗಿದ್ದರೆ, ಹಾಲನ್ನು ಮರಿಗಳಿಗೇ ಬಿಟ್ಟು, ಪಳಗಿಸುವುದನ್ನು ಮುಂದಿನ ಗಬ್ಬದಲ್ಲಿ ಮೊದಲಿನಿಂದ ಶುರುಮಾಡುವುದು ನನಗೆ ಸರಿಯೆನಿಸುತ್ತದೆ. ಮರಿಗಳು ಕುಡಿದು ಮುಗಿಸದಷ್ಟು ಹಾಲಿದ್ದರೆ ಮಾತ್ರ ಕೆಚ್ಚಲ ಬಿಗಿಯನ್ನು ದಿನವೂ ನೋಡುತ್ತಿರಿ.

ಪಳಗಿದ ಮೇಕೆಯೂ ನಡುನಡುವೆ ಹಿಂದೆ ಬೀಳುತ್ತದೆ: ಸ್ಟ್ಯಾಂಡಿನ ಜಾಗ ಬದಲಾದಾಗ, ಮರಿಯನ್ನು ಬೇರೆ ಮಾಡಿದಾಗ, ಹೊಸ ಮೇಕೆ ಮಂದೆಗೆ ಬಂದಾಗ. ಮೊದಲು ಕೆಚ್ಚಲು ನೋಡಿ. ಅಲ್ಲೇನೂ ಇಲ್ಲದಿದ್ದರೆ ಕೈಯ ಪಾಠಕ್ಕೆ ಎರಡು ದಿನ ಮರಳಿ. ಎರಡನೆಯ ಸಲ ಅದು ಬಲುಬೇಗ ನೆನಪಾಗುತ್ತದೆ.

ಬೇರೆಯವರಿಗೆ ಕರೆಯುವ ಕೆಲಸ ವಹಿಸಬೇಕಾಗಿ ಬಂದರೆ ಒಮ್ಮೆಲೇ ಬಿಟ್ಟು ಹೋಗಬೇಡಿ. ಮೊದಲ ದಿನ ಅವರು ಪಕ್ಕದಲ್ಲಿ ನಿಂತು ದಾಣಿ ಹಾಕಲಿ, ನೀವು ಕರೆಯಿರಿ. ಮರುದಿನ ನೀವು ಆರಂಭಿಸಿ, ಅವರು ಮುಗಿಸಲಿ. ಮೂರನೆಯ ದಿನ ಅವರು ಕರೆಯಲಿ, ನೀವು ಮೇಕೆಗೆ ಕಾಣುವಲ್ಲಿ ಇರಿ. ನೀವು ಬಳಸುವ ಪದವನ್ನೂ ಕೂರುವ ಬದಿಯನ್ನೂ ಅವರಿಗೆ ಹೇಳಿಕೊಡಿ. ಒದ್ದಾಗ ಕೈ ತೆಗೆಯಬಾರದು ಎಂಬುದನ್ನು ಬಾಯಲ್ಲಿ ಹೇಳಿದರೆ ಸಾಲದು, ನಿಮ್ಮ ಕೈ ಮೇಲೆ ಅವರ ಕೈ ಇಡಿಸಿ ತೋರಿಸಿ. ಹೊಸ ಕೈಗೆ ಮೊದಲ ದಿನಗಳಲ್ಲಿ ಹಾಲು ಸ್ವಲ್ಪ ಕಡಿಮೆ ಬಂದರೆ ಅದು ಸಹಜ. ಆ ದಿನಗಳಲ್ಲಿ ದಾಣಿ, ಹೊತ್ತು, ಜಾಗ ಯಾವುದನ್ನೂ ಬದಲಿಸಬೇಡಿ.